ಜಾಕ್ ಎಂಬ ಹೆಸರು

ಕಾಣಿಯೂರಿನ ಸಮೀಪದ ಶಾಲೆಯೊಂದರಲ್ಲಿ ನಾನು ಅಧ್ಯಾಪಕನಾಗಿದ್ದ ಕಾಲದ ಮಾತು. ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಹೊರಟಿದ್ದ ಬಸ್ಸೊಂದು, ಗಾಲಿಯ ಗಾಳಿ ಹೋಗಿ, ಶಾಲೆಯ ಎದುರಿನ ಹಲಸಿನ ಮರದಡಿಯಲ್ಲಿ ನಿಂತಿತು. ಚಾಲಕನು ಜಾಕನ್ನು ಅಡಿಗಿಟ್ಟು ಬಸ್ಸನ್ನೆತ್ತತೊಡಗಿದನು. ಹಲಸಿನ ಇಂಗ್ಲಿಷ್ ಹೆಸರನ್ನು ಹಿಂದಿನ ದಿನವಷ್ಟೇ ಕಲಿತಿದ್ದ ಏಳನೆಯ ತರಗತಿಯ ಹುಡುಗನೊಬ್ಬನು, "ಮಾಷ್ಟ್ರೇ, ಮೇಲೆ ತೂಗುವುದೂ ಜಾಕ್, ಕೆಳಗಿರುವುದೂ ಜಾಕ್. ಇಂಗ್ಲಿಷಿನವರಿಗೆ ಬೇರೆ ಹೆಸರು ಸಿಗಲಿಲ್ಲವೇ?" ಎಂದು ಕೇಳಿದನು. ಜಾಕ್ ಎಂಬ ಆಂಗ್ಲನೊಬ್ಬನು ಈ ಹಣ್ಣನ್ನು ಮೊದಲು ಕಂಡಿರಬೇಕು, ಅವನ ಹೆಸರೇ ಅದಕ್ಕೆ ಉಳಿದಿರಬೇಕು ಎಂದು ನಾನು ಉತ್ತರಿಸಿದೆ. ಅದು ಬರಿಯ ಊಹೆಯಾಗಿತ್ತು. ಆದರೆ ಮಕ್ಕಳು ಅದನ್ನು ಪಾಠವೆಂದೇ ನಂಬಿದರು.

ಉತ್ತರ ತಪ್ಪೆಂದು ತಿಳಿದದ್ದು ಕೆಲವು ವರ್ಷಗಳ ಮೇಲೆ, ಯೂಲ್ ಮತ್ತು ಬರ್ನೆಲ್ ಎಂಬವರು 1886ರಲ್ಲಿ ಪ್ರಕಟಿಸಿದ 'ಹಾಬ್ಸನ್-ಜಾಬ್ಸನ್' ಎಂಬ ಶಬ್ದಕೋಶವನ್ನು ನೋಡಿದಾಗ. ನಮ್ಮ ನೆರೆಯ ಮಲಯಾಳದಲ್ಲಿ ಹಲಸಿನ ಹಣ್ಣಿಗೆ 'ಚಕ್ಕ' ಎನ್ನುತ್ತಾರೆ. 1498ರಲ್ಲಿ ಕಲ್ಲಿಕೋಟೆಯ ಕರಾವಳಿಗೆ ಬಂದ ಪೋರ್ಚುಗೀಸರು ಆ ಶಬ್ದವನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು 'ಜಾಕ' ಎಂದರು. ಗಾರ್ಸಿಯಾ ದ ಓರ್ತಾ ಎಂಬ ವೈದ್ಯನು, 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ, ಈ ಹಣ್ಣನ್ನು ಅದೇ ಹೆಸರಿನಿಂದ ಕರೆದಿದ್ದಾನೆ. ಆಂಗ್ಲರು ಕೊನೆಯ ಸ್ವರವನ್ನು ಬಿಟ್ಟು, ತಮಗೆ ಪರಿಚಿತವಾದ ಹೆಸರೊಂದಕ್ಕೆ ಅದನ್ನು ಹೊಂದಿಸಿಕೊಂಡರು. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ವಿಲಿಯಂ ಜಾಕ್ ಎಂಬ ಸಸ್ಯವಿಜ್ಞಾನಿಯಿಂದ ಈ ಹೆಸರು ಬಂತೆಂದು ನನ್ನಂತೆಯೇ ಊಹಿಸಿದವರೂ ಉಂಟು. ಆತನು ಹುಟ್ಟಿದ್ದು 1795ರಲ್ಲಿ. ಆ ವೇಳೆಗೆ ಓರ್ತಾನ ಪುಸ್ತಕಕ್ಕೆ 232 ವರ್ಷಗಳಾಗಿದ್ದವು!

ಮಲಯಾಳದಲ್ಲಿ ಹಣ್ಣು 'ಚಕ್ಕ'ವಾದರೂ ಮರ 'ಪ್ಲಾವು'. ತುಳುವಿನ 'ಪೆಲ', ತಮಿಳಿನ 'ಪಲಾ', ಹಳಗನ್ನಡದ 'ಪಲಸು' ಇವು ಅದರ ಒಡಹುಟ್ಟುಗಳು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ನಮ್ಮ ಪಲಸು ಹಲಸಾಯಿತು. ಹಣ್ಣಿನ ಹೆಸರು ಮಾತ್ರ ಹಡಗನ್ನೇರಿ ಬ್ರೆಜಿಲಿನವರೆಗೂ ಹೋಯಿತು. ಅಲ್ಲಿ ಇಂದಿಗೂ ಅದು 'ಜಾಕ'ವೇ.

ಬಸ್ಸನ್ನೆತ್ತುವ ಜಾಕಿಗೂ ಹಣ್ಣಿಗೂ ಯಾವ ನಂಟೂ ಇಲ್ಲ. ಜಾನ್ ಎಂಬ ಹೆಸರಿನ ಸಲಿಗೆಯ ರೂಪವೇ ಜಾಕ್. ಊರಿಗೆಲ್ಲ ಅದೇ ಹೆಸರಾದಾಗ ಅದರ ಮರ್ಯಾದೆ ಇಳಿಯಿತು: ಮೊದಲು ಯಾವನೋ ಒಬ್ಬ ಸಾಮಾನ್ಯನು, ಅನಂತರ ಮನೆಯ ಆಳು, ಕೊನೆಗೆ ಆಳಿನ ಬದಲಿಗೆ ದುಡಿಯುವ ಸಲಕರಣೆ. ಬೂಟನ್ನು ಕಳಚಲು ಒಂದು ಜಾಕ್, ಭಾರವನ್ನೆತ್ತಲು ಇನ್ನೊಂದು. ಇಸ್ಪೀಟಿನ ಎಲೆಯಲ್ಲಿರುವ ಜಾಕನೂ ಇವನೇ. ಆ ಎಲೆಯನ್ನು ನಮ್ಮ ಜಗಲಿಯ ಆಟಗಾರರು 'ಗುಲಾಮ' ಎನ್ನುತ್ತಾರೆ. ನಿಘಂಟಿನಲ್ಲಿ ನಾನು ಹುಡುಕಿದ ಅರ್ಥ ಅವರ ಬಾಯಲ್ಲಿ ಮೊದಲೇ ಇತ್ತು.

ಮರುದಿನವೇ ತರಗತಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡೆ. ಆದರೆ ಪ್ರಶ್ನೆ ಕೇಳಿದವನು ಶಾಲೆ ಬಿಟ್ಟು ಹೋಗಿಯಾಗಿತ್ತು. ಬಹುಕಾಲದ ಮೇಲೆ, ಮಳೆಗಾಲಕ್ಕೆ ಮುಂಚೆ, ಆತ ಕಾಣಿಯೂರಿನ ಪೇಟೆಯಲ್ಲಿ ಸಿಕ್ಕಿದ. ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟುಗಳಿದ್ದವು. ಎಲ್ಲವನ್ನೂ ವಿವರಿಸಿದೆ. ಆತ ನಕ್ಕು, "ಅಯ್ಯೋ ಮಾಷ್ಟ್ರೇ, ಆ ಜಾಕ್ ದೊರೆಯ ಕಥೆಯನ್ನು ನಾನು ನನ್ನ ಮಕ್ಕಳಿಗೂ ಹೇಳಿಬಿಟ್ಟಿದ್ದೇನಲ್ಲ!" ಎಂದನು.