ಕೀಲಿಕೈ ಒಪ್ಪಿಸುವ ಕಾಲ

ಸಮಸಂಖ್ಯೆಯ ವರ್ಷಗಳ ಜನವರಿ 18ರ ಬೆಳಗಿನ ಜಾವ ಉಡುಪಿಯ ಶ್ರೀಕೃಷ್ಣ ಮಠದಲ್ಲಿ ನಡೆಯುವ ವಿಧಿಯನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೇವೆ. ಕಾಣದವರು ಹಿರಿಯರ ಬಾಯಿಂದ ಕೇಳಿದ್ದೇವೆ. ಎರಡು ವರ್ಷಗಳ ಕಾಲ ಶ್ರೀಕೃಷ್ಣನ ಪೂಜೆಯನ್ನೂ ಮಠದ ಆಡಳಿತವನ್ನೂ ವಹಿಸಿದ್ದ ಯತಿಗಳು ಅಕ್ಷಯಪಾತ್ರೆ, ಸಟ್ಟುಗ ಮತ್ತು ಗರ್ಭಗುಡಿಯ ಕೀಲಿಕೈಯನ್ನು ಮುಂದಿನ ಯತಿಗಳಿಗೆ ಒಪ್ಪಿಸಿ, ಅವರನ್ನು ಸರ್ವಜ್ಞಪೀಠದಲ್ಲಿ ಕುಳ್ಳಿರಿಸುತ್ತಾರೆ. ಮೆರವಣಿಗೆಯ ಸಂಭ್ರಮದಲ್ಲಿ ನಮ್ಮ ಗಮನವೆಲ್ಲ ಪೀಠವನ್ನೇರುವವರ ಕಡೆಗೇ ಇರುತ್ತದೆ. ಇಳಿಯುವವರ ಕಡೆಗೂ ಒಮ್ಮೆ ದೃಷ್ಟಿ ಹಾಯಿಸಿದರೆ ಅಲ್ಲೊಂದು ದೊಡ್ಡ ಪಾಠವಿದೆ. ಈ ತಿಂಗಳ ಅಧ್ಯಯನಕ್ಕೆ ಅದನ್ನೇ ಆರಿಸಿಕೊಂಡಿದ್ದೇವೆ.

ಅಧಿಕಾರವನ್ನು ಪಡೆಯುವುದು ಹೇಗೆಂದು ಕಲಿಸುವವರು ಲೋಕದಲ್ಲಿ ಬಹಳ ಮಂದಿ. ಬಿಡುವುದು ಹೇಗೆಂದು ಕಲಿಸುವವರು ವಿರಳ. ಜೀವಮಾನವೆಲ್ಲ ದುಡಿದು ಕೀರ್ತಿ ಸಂಪಾದಿಸಿದ ಮಹನೀಯರು ಸಕಾಲದಲ್ಲಿ ಹಿಂದೆ ಸರಿಯದೆ, ಕೊನೆಯ ಕೆಲವೇ ವರ್ಷಗಳಲ್ಲಿ ಆ ಕೀರ್ತಿಯನ್ನು ಮಸುಕುಗೊಳಿಸಿಕೊಳ್ಳುವುದು ಏಕೆ? ಶಾಸ್ತ್ರವು ಇದಕ್ಕೆ ಏನೆನ್ನುತ್ತದೆ?

ಮಹಾಭಾರತದಲ್ಲಿ ಎರಡು ದೃಷ್ಟಾಂತಗಳಿವೆ. ಮೊದಲನೆಯದು ಧೃತರಾಷ್ಟ್ರನದು. ಯುದ್ಧದಲ್ಲಿ ನೂರು ಮಕ್ಕಳನ್ನೂ ಕಳೆದುಕೊಂಡ ಬಳಿಕವೂ ಆತ ಹದಿನೈದು ವರ್ಷ ಹಸ್ತಿನಾಪುರದ ಅರಮನೆಯಲ್ಲಿಯೇ ಉಳಿದನು. ಧರ್ಮರಾಜನು ಗೌರವದಿಂದಲೇ ನಡೆಸಿಕೊಂಡನು, ನಿಜ. ಆದರೆ ಭೀಮಸೇನನ ಕಟುನುಡಿ ಕಿವಿಗೆ ಬಿದ್ದ ಮೇಲಷ್ಟೇ ವೃದ್ಧರಾಜನಿಗೆ ವನದ ನೆನಪಾಯಿತು. ಭಾಗವತದ ಪ್ರಥಮ ಸ್ಕಂಧದಲ್ಲಂತೂ ತೀರ್ಥಯಾತ್ರೆಯಿಂದ ಮರಳಿದ ವಿದುರನು, ಯಾರ ಮಕ್ಕಳಿಗೆ ದ್ರೋಹ ಬಗೆದೆಯೋ ಅವರದೇ ಅನ್ನವನ್ನುಂಡು ಬದುಕುತ್ತಿರುವೆಯಲ್ಲಾ ಎಂದು ಅಣ್ಣನನ್ನು ನೇರವಾಗಿಯೇ ಎಚ್ಚರಿಸುತ್ತಾನೆ. ಹೊರಡುವ ಹೊತ್ತು ಬಂದಿದೆ ಎಂಬುದು ಧೃತರಾಷ್ಟ್ರನಿಗೆ ತಾನಾಗಿ ಕಾಣಲಿಲ್ಲ, ಇನ್ನೊಬ್ಬರು ಹೇಳಬೇಕಾಯಿತು.

ಎರಡನೆಯದು ಅರ್ಜುನನದು. ಶ್ರೀಕೃಷ್ಣನು ಅವತಾರವನ್ನು ಸಮಾಪ್ತಿಗೊಳಿಸಿದ ಮೇಲೆ ದ್ವಾರಕೆಯ ಸ್ತ್ರೀಯರನ್ನು ಕರೆತರುವಾಗ ದಾರಿಯಲ್ಲಿ ದಸ್ಯುಗಳು ಮೇಲೆ ಬಿದ್ದರು. ಗಾಂಡೀವಕ್ಕೆ ಹೆದೆಯೇರಿಸುವುದೇ ಅರ್ಜುನನಿಗೆ ಪ್ರಯಾಸವಾಯಿತು; ದಿವ್ಯಾಸ್ತ್ರಗಳು ನೆನಪಿಗೆ ಬರಲಿಲ್ಲ. ಕುರುಕ್ಷೇತ್ರವನ್ನು ಗೆದ್ದವನು ದಾರಿಗಳ್ಳರ ಮುಂದೆ ಸೋತನು. ಆಗ ವೇದವ್ಯಾಸರು, ನಿಮ್ಮ ಅಸ್ತ್ರಗಳ ಕಾರ್ಯ ಮುಗಿಯಿತು, ಇನ್ನು ಹೊರಡುವ ಕಾಲ ಎಂದು ತಿಳಿಯಹೇಳಿದರು. ಪಾಂಡವರು ಆ ಮಾತನ್ನು ಮೀರಲಿಲ್ಲ. ಪರೀಕ್ಷಿತನಿಗೆ ಪಟ್ಟಗಟ್ಟಿ ಮಹಾಪ್ರಸ್ಥಾನ ಕೈಗೊಂಡರು. ಆದುದರಿಂದಲೇ ಇಂದಿಗೂ ಅರ್ಜುನನೆಂದರೆ ನಮಗೆ ವಿಜಯನೇ ನೆನಪಾಗುತ್ತಾನೆ, ಆ ದಾರಿಯ ಸೋಲಲ್ಲ.

ಈ ಎರಡರ ತತ್ತ್ವವನ್ನು ಶ್ರೀಮದಾಚಾರ್ಯರ ಸಿದ್ಧಾಂತದ ಬೆಳಕಿನಲ್ಲಿ ನೋಡಬೇಕು. ಶ್ರೀಹರಿಯೊಬ್ಬನೇ ಸ್ವತಂತ್ರನು, ಉಳಿದುದೆಲ್ಲವೂ ಪರತಂತ್ರ. ಅರ್ಜುನನ ತೋಳಿನ ಬಲ ಹರಿಯು ಕೊಟ್ಟದ್ದು. ಕೊಟ್ಟವನು ಹಿಂದಕ್ಕೆ ಪಡೆದನು. ಇದನ್ನು ಅರಿತವನಿಗೆ ಅಧಿಕಾರವು ನಿಕ್ಷೇಪದಂತೆ. ಅವಧಿ ಮುಗಿದಾಗ ಮರಳಿಸುವುದರಲ್ಲಿ ಸಂಕಟವಿಲ್ಲ. ಇದು ನನ್ನದೇ ಸಾಮರ್ಥ್ಯ, ನಾನಿಲ್ಲದಿದ್ದರೆ ನಡೆಯದು ಎಂದು ಭ್ರಮಿಸಿದವನಿಗೆ ಮಾತ್ರ ಬಿಡುವುದು ಮರಣಸಮಾನವಾಗುತ್ತದೆ.

ಇನ್ನು ಲೋಕದ ದೃಷ್ಟಾಂತ. ನಮ್ಮ ಕರಾವಳಿಯಿಂದಲೇ ಈ ಮಹಾನಗರಕ್ಕೆ ಬಂದು ಹೆಸರಾದ ಜಾರ್ಜ್ ಫರ್ನಾಂಡಿಸರನ್ನು ಯಾರು ಅರಿಯರು? 1930ರಲ್ಲಿ ಮಂಗಳೂರಿನಲ್ಲಿ ಜನಿಸಿ, ಬರಿಗೈಯಲ್ಲಿ ಮುಂಬಯಿಗೆ ಬಂದು, ಟ್ಯಾಕ್ಸಿ ಚಾಲಕರನ್ನೂ ಕಾರ್ಮಿಕರನ್ನೂ ಸಂಘಟಿಸಿದರು. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಸೋಲರಿಯದ ಎಸ್. ಕೆ. ಪಾಟೀಲರನ್ನು ಸೋಲಿಸಿದರು. 1974ರ ರೈಲ್ವೆ ಮುಷ್ಕರಕ್ಕೆ ನಾಯಕರಾದರು. 1977ರಲ್ಲಿ ಸೆರೆಮನೆಯಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರದಿಂದ ಲಕ್ಷಾಂತರ ಮತಗಳ ಅಂತರದಲ್ಲಿ ಗೆದ್ದರು. 1989-90ರಲ್ಲಿ ರೈಲ್ವೆ ಸಚಿವರಾಗಿದ್ದಾಗ ಕೊಂಕಣ ರೈಲ್ವೆಯ ಯೋಜನೆಗೆ ಚಾಲನೆ ಕೊಟ್ಟವರಲ್ಲಿ ಅವರು ಪ್ರಮುಖರು. 1998ರಲ್ಲಿ ಆ ಮಾರ್ಗವು ಪೂರ್ಣವಾಗಿ ತೆರೆದ ಮೇಲೆ ಒಂದೇ ರಾತ್ರಿಯಲ್ಲಿ ಊರು ಸೇರುವ ಭಾಗ್ಯ ನಮ್ಮೆಲ್ಲರದಾಯಿತು.

ಅಂಥವರ ಸಾರ್ವಜನಿಕ ಜೀವನದ ಕೊನೆಯ ಅಂಕವನ್ನು ನೋಡಿ. 2009ರ ಲೋಕಸಭಾ ಚುನಾವಣೆಯ ಹೊತ್ತಿಗೆ ಅವರಿಗೆ 78 ವರ್ಷ, ಆರೋಗ್ಯ ಕುಗ್ಗಿತ್ತು. ಅದೇ ಕಾರಣದಿಂದ ಪಕ್ಷವು ಅವರಿಗೆ ಟಿಕೇಟು ನಿರಾಕರಿಸಿತು. ಅವರು ಒಪ್ಪದೆ, ತಮ್ಮನ್ನು ಸೆರೆಮನೆಯಿಂದಲೇ ಗೆಲ್ಲಿಸಿದ್ದ ಅದೇ ಮುಜಫ್ಫರಪುರದಲ್ಲಿ ಪಕ್ಷೇತರರಾಗಿ ನಿಂತು ಸೋತರು. ಅದೇ ವರ್ಷ ರಾಜ್ಯಸಭೆಗೆ ಆಯ್ಕೆಯಾದರೂ ಹಿಂದಿನ ಜಾರ್ಜ್ ಅಲ್ಲಿರಲಿಲ್ಲ. ಮರೆವಿನ ರೋಗವು ಅವರನ್ನು ಲೋಕದಿಂದ ದೂರ ಮಾಡಿತು. 2019ರ ಜನವರಿ 29ರಂದು ತೀರಿಕೊಂಡರು. ರೋಗಕ್ಕೆ ಯಾರನ್ನೂ ದೂಷಿಸಲಾಗದು, ದೂಷಣೆ ನಮ್ಮ ಉದ್ದೇಶವೂ ಅಲ್ಲ. ಆದರೆ ಸಿಂಹದಂತಿದ್ದವರ ಕೊನೆಯ ಸ್ಪರ್ಧೆಯನ್ನು ಜನರು ಮರುಕದಿಂದ ನೋಡುವಂತಾಯಿತಲ್ಲ, ಅದು ತಪ್ಪಿಸಬಹುದಾಗಿದ್ದ ನೋವು.

ಇದಕ್ಕೆ ಎದುರಾಗಿ ಈ ನಗರದ ಸುಪುತ್ರ ಸುನೀಲ್ ಗಾವಸ್ಕರರನ್ನು ನೆನೆಯಬಹುದು. 1987ರ ಮಾರ್ಚಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಪಾಕಿಸ್ತಾನದ ವಿರುದ್ಧ, ಚೆಂಡು ವಿಪರೀತ ತಿರುಗುತ್ತಿದ್ದ ಅಂಗಳದಲ್ಲಿ 96 ಓಟಗಳನ್ನು ಗಳಿಸಿದ್ದೇ ಅವರ ಕೊನೆಯ ಟೆಸ್ಟ್ ಇನ್ನಿಂಗ್ಸ್. ತಂಡವು 16 ಓಟಗಳಿಂದ ಸೋತಿತು. ಆದರೂ ಆ ಆಟವನ್ನು ಜನರು ಇಂದಿಗೂ ಕೊಂಡಾಡುತ್ತಾರೆ. ಇನ್ನೂ ಆಡಬಲ್ಲವರಾಗಿದ್ದಾಗಲೇ ಅವರು ಟೆಸ್ಟ್ ಆಟಕ್ಕೆ ವಿದಾಯ ಹೇಳಿದರು.

ಹಾಗಾದರೆ ಸರಿಯಾದ ಕಾಲವನ್ನು ತಿಳಿಯುವುದು ಹೇಗೆ? ಇಲ್ಲಿಯೇ ಪರ್ಯಾಯದ ಮಹತ್ತ್ವವಿರುವುದು. ಶ್ರೀಮದಾಚಾರ್ಯರು ತಾವೇ ಪ್ರತಿಷ್ಠಾಪಿಸಿದ ಕೃಷ್ಣನ ಪೂಜೆಯನ್ನು ಎಂಟು ಮಂದಿ ಶಿಷ್ಯಯತಿಗಳಿಗೆ ವಹಿಸಿ, ಮಾಘ ಶುದ್ಧ ನವಮಿಯಂದು ಬದರಿಗೆ ತೆರಳಿದರೆಂಬುದು ಸಂಪ್ರದಾಯ. ಎರಡೆರಡು ತಿಂಗಳಿಗೆ ಬದಲಾಗುತ್ತಿದ್ದ ಸರದಿಯನ್ನು ಶ್ರೀವಾದಿರಾಜತೀರ್ಥರು 1522ರಲ್ಲಿ ಎರಡು ವರ್ಷಗಳಿಗೆ ವಿಸ್ತರಿಸಿದರು. ಇದರಿಂದ ಪ್ರತಿಯೊಂದು ಮಠಕ್ಕೂ ಹದಿನಾರು ವರ್ಷಗಳಲ್ಲಿ ಎರಡು ವರ್ಷ ಪೂಜಾಧಿಕಾರ, ಹದಿನಾಲ್ಕು ವರ್ಷ ಪಾಠಪ್ರವಚನ ಮತ್ತು ಸಂಚಾರಕ್ಕೆ ಅವಕಾಶ.

ಈ ವ್ಯವಸ್ಥೆಯಲ್ಲಿ ಮೂರು ಅಂಶಗಳು ಗಮನಾರ್ಹ. ಒಂದು, ಇಳಿಯುವ ದಿನವು ಏರುವ ಮೊದಲೇ ನಿಶ್ಚಿತವಾಗಿದೆ. ತಮ್ಮ ಕಾಲ ಮುಗಿಯಿತೋ ಇಲ್ಲವೋ ಎಂದು ಪೀಠದಲ್ಲಿರುವವರು ತೀರ್ಮಾನಿಸಬೇಕಾಗಿಲ್ಲ. ಎರಡು, ಮುಂದಿನವರು ಒಂದು ವರ್ಷಕ್ಕೂ ಮೊದಲೇ ಬಾಳೆಮುಹೂರ್ತ ನಡೆಸಿ, ಅಕ್ಕಿಮುಹೂರ್ತ, ಕಟ್ಟಿಗೆಮುಹೂರ್ತಗಳ ಮೂಲಕ ಸಿದ್ಧರಾಗುತ್ತಾರೆ. ಮೂರು, ಇಳಿದವರು ನಿರುಪಯುಕ್ತರಾಗುವುದಿಲ್ಲ. ಪೇಜಾವರದ ಶ್ರೀವಿಶ್ವೇಶತೀರ್ಥರು ಐದು ಪರ್ಯಾಯಗಳನ್ನು ನಡೆಸಿದರು; ಐದು ಸಲವೂ ಕೀಲಿಕೈ ಒಪ್ಪಿಸಿ, ಪಾಠ ಮತ್ತು ಲೋಕಸೇವೆಗಳಿಗೆ ಮರಳಿದರು. ಅದಮಾರು ಮಠದ ಶ್ರೀವಿಶ್ವಪ್ರಿಯತೀರ್ಥರು 2020ರಲ್ಲಿ ತಮ್ಮ ಮಠಕ್ಕೆ ಬಂದ ಸರದಿಯನ್ನೇ ಕಿರಿಯರಾದ ಶ್ರೀಈಶಪ್ರಿಯತೀರ್ಥರಿಗೆ ವಹಿಸಿಕೊಟ್ಟರು.

ಇದು ಯತಿಗಳಿಗೂ ರಾಜಕಾರಣಿಗಳಿಗೂ ಮಾತ್ರ ಸಂಬಂಧಿಸಿದ ವಿಷಯವೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಸಯನ್, ಮಾಟುಂಗಾಗಳ ನಮ್ಮ ಹೋಟೆಲುಗಳಲ್ಲಿ ನಡುವಯಸ್ಸಿನ ಮಗನಿಗೆ ಇನ್ನೂ ಗಲ್ಲಾಪೆಟ್ಟಿಗೆಯನ್ನು ಒಪ್ಪಿಸದ ತಂದೆಯರಿಲ್ಲವೇ? ಭಜನಾಮಂಡಳಿ ಕಟ್ಟಿ ಬೆಳೆಸಿದವರೇ, ತಮ್ಮ ಬಳಿಕ ಯಾರೂ ಇಲ್ಲವೆಂದು ವರ್ಷವರ್ಷವೂ ಅಧ್ಯಕ್ಷರಾಗಿ ಉಳಿದು, ತರುಣರು ಬರುವುದಿಲ್ಲವೆಂದು ಕೊರಗುವುದನ್ನೂ ಕಾಣುತ್ತೇವೆ. ತರುಣರಿಗೆ ಕೊಡಲು ನಾವು ಯಾವ ಕೆಲಸವನ್ನು ಉಳಿಸಿದ್ದೇವೆ?

ಎಲ್ಲಕ್ಕಿಂತ ಮುಖ್ಯವಾದದ್ದು ಮನೆಯ ದೇವರ ಪೂಜೆ. ತಂದೆಯವರು ತೀರಿಕೊಂಡ ಕೆಲವೇ ದಿನಗಳಲ್ಲಿ ಸಾಲಿಗ್ರಾಮದ ಸಂಪುಟವನ್ನು ಮಠಕ್ಕೆ ತಂದು, ನಮಗೆ ಪೂಜೆ ಬಾರದು, ನೀವೇ ಇಟ್ಟುಕೊಳ್ಳಿ ಎಂದು ಕಣ್ಣೀರಿಡುವ ಮಕ್ಕಳನ್ನು ನಾವು ಕಂಡಿದ್ದೇವೆ. ತಲೆಮಾರುಗಳಿಂದ ನಡೆದುಬಂದ ಆರಾಧನೆ ಒಂದು ಮನೆಯಲ್ಲಿ ಹೀಗೆ ನಿಂತುಹೋಗುತ್ತದೆ. ಆ ಮಕ್ಕಳು ನಾಸ್ತಿಕರಲ್ಲ. ಕೊನೆಯ ದಿನದವರೆಗೂ ತಂದೆಯವರೇ ಶ್ರದ್ಧೆಯಿಂದ ಪೂಜಿಸುತ್ತಿದ್ದರು. ಮಗನ ಕೈಗೆ ಒಂದು ದಿನವೂ ಶಂಖವನ್ನು ಕೊಟ್ಟಿರಲಿಲ್ಲ, ಅಷ್ಟೇ. ಶ್ರದ್ಧೆಯ ಹೆಸರಿನಲ್ಲಿಯೂ ಅಧಿಕಾರದ ಮೋಹ ಅಡಗಿರಬಹುದೆಂಬುದನ್ನು ನಾವು ಹಿರಿಯರು ಒಪ್ಪಿಕೊಳ್ಳಬೇಕು.

ಆದುದರಿಂದ ಆಸ್ತಿಕ ಬಂಧುಗಳು ಪರ್ಯಾಯದ ಮೂರು ಅಂಶಗಳನ್ನು ಮನೆಗೆ ಅಳವಡಿಸಿಕೊಳ್ಳಬಹುದು. ಸಂಸ್ಥೆಯ ಹೊಣೆ ಹೊರುವಾಗಲೇ ಬಿಡುವ ದಿನವನ್ನು ಹೇಳಿಬಿಡುವುದು. ಉಪನೀತನಾದ ಮಗ ಅಥವಾ ಮೊಮ್ಮಗನಿಂದ ವಾರಕ್ಕೊಂದು ದಿನವಾದರೂ ಪೂಜೆ ಮಾಡಿಸಿ, ತಾವು ಪಕ್ಕದಲ್ಲಿ ಕುಳಿತು ತಿದ್ದುವುದು. ಬಿಡುವಾದ ಹೊತ್ತನ್ನು ಪಾರಾಯಣ ಮತ್ತು ಪಾಠಗಳಿಗೆ ವಿನಿಯೋಗಿಸುವುದು. ಕಾಲ ಮೀರುತ್ತಿದೆ ಎಂದು ವಿದುರನಂತೆ ಹೇಳಬಲ್ಲ ಒಬ್ಬರನ್ನು ಹತ್ತಿರ ಇಟ್ಟುಕೊಳ್ಳುವುದೂ, ಹೇಳಿದಾಗ ಮುನಿಯದಿರುವುದೂ ಅಷ್ಟೇ ಅವಶ್ಯ.

ಮನನಕ್ಕೆ: ನಮ್ಮ ಕೈಯಲ್ಲಿರುವ ಕೀಲಿಕೈಗಳು ಎಷ್ಟು? ಅವುಗಳಲ್ಲಿ ಯಾವುದನ್ನು, ಯಾರಿಗೆ, ಯಾವ ದಿನ ಒಪ್ಪಿಸಬೇಕೆಂದು ನಿಶ್ಚಯಿಸಿದ್ದೇವೆ?

॥ ಶ್ರೀಕೃಷ್ಣಾರ್ಪಣಮಸ್ತು ॥