ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುನ್ನ
ಮಳೆಗಾಲದ ಬೆಳಿಗ್ಗೆ ಬೈಕ್ ಸ್ಟಾರ್ಟ್ ಆಗದಿದ್ದರೆ ಮೊದಲು ಹ್ಯಾಂಡಲ್‌ನ ಕೆಂಪು ಎಂಜಿನ್ ಕಿಲ್ ಸ್ವಿಚ್ ಆಫ್ ಆಗಿದೆಯೇ ನೋಡಿ. ನಗಬೇಡಿ, ಮೆಕ್ಯಾನಿಕ್ ಬಂದು ಅದನ್ನೊಂದು ಒತ್ತಿ ಹೋದ ಅವಮಾನ ನನಗಾಗಿದೆ.

ಆಮೇಲೆ ಹಾರ್ನ್ ಒತ್ತಿ. ಸದ್ದು ಸೊರಗಿದ್ದು, ಸ್ಟಾರ್ಟರ್ ಬರೀ ಟಕಟಕ ಎಂದರೆ ಬ್ಯಾಟರಿಯ ಕಡೆ ತಕರಾರು. ಹೊಸದು ಕೊಳ್ಳಲು ಓಡಬೇಡಿ. ಟರ್ಮಿನಲ್‌ಗೆ ಕಿಲುಬು ಹಿಡಿದರೂ ಹೀಗೇ ಆಗುತ್ತದೆ. ಇಗ್ನಿಷನ್ ಆಫ್ ಮಾಡಿ, ಮೈನಸ್ ತಂತಿಯನ್ನೇ ಮೊದಲು ಬಿಚ್ಚಿ, ಉಜ್ಜಿ, ಬಿಗಿ ಮಾಡಿ. ಮಲ್ಟಿಮೀಟರ್ ಹಚ್ಚಿದರೆ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ, ಆಕ್ಸಿಲರೇಟರ್ ತಿರುವಿದರೂ 13 ದಾಟದಿದ್ದರೆ ಚಾರ್ಜಿಂಗ್ ಪರೀಕ್ಷೆ ಮಾಡಿಸಿ.

ಸ್ಟಾರ್ಟರ್ ಚೆನ್ನಾಗಿ ತಿರುಗಿಯೂ ಎಂಜಿನ್ ಹತ್ತದಿದ್ದರೆ ಪ್ಲಗ್ಗಿನ ಟೋಪಿಯೊಳಗೆ ನೀರಿದೆಯೇ ನೋಡಿ. ಫ್ಯೂಸ್ ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ಜಾಣತನ ಬೇಡ, ವೈರಿಂಗೇ ಹೊತ್ತೀತು.