ಮಗ್ಗವನ್ನು ತಿಳಿಯೋಣ: ಭಾಗಗಳು, ಕೆಲಸ ಮತ್ತು ಕೂಲಿಯ ಲೆಕ್ಕ



ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಹೋದವರಿಗೆ ಮಗ್ಗದ ಶಬ್ದ ಹೊಸದಲ್ಲ. ದೊಡ್ಡಬಳ್ಳಾಪುರ ವಿದ್ಯುತ್ ಮಗ್ಗಗಳ ಊರು ಅಂತಲೇ ಹೆಸರಾಗಿದೆ. ಯಲಹಂಕದಲ್ಲೂ ನೇಯ್ಗೆಯಿಂದ ಬದುಕುವ ಮನೆಗಳಿವೆ. ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ನಮ್ಮ ಸಂಘಗಳಲ್ಲಿ ಹೊಲಿಗೆ ಬಲ್ಲವರು, ಗಾರ್ಮೆಂಟ್ಸ್‌ಗೆ ಹೋಗಿ ಬಂದವರು ಬಹಳ ಜನ ಇದ್ದಾರೆ. ಬಟ್ಟೆ ಕತ್ತರಿಸುವುದು, ಹೊಲಿಯುವುದು ಗೊತ್ತು. ಆದರೆ ಆ ಬಟ್ಟೆ ಹುಟ್ಟುವುದು ಹೇಗೆ ಅಂತ ಕೇಳಿದರೆ ಉತ್ತರ ಹೇಳುವವರು ಕಡಿಮೆ.

ಈ ಪಾಠದಲ್ಲಿ ಕೈಮಗ್ಗದ ಭಾಗಗಳನ್ನು ಒಂದೊಂದಾಗಿ ಗುರುತಿಸೋಣ. ಜೊತೆಗೆ ಇನ್ನೊಂದು ಮುಖ್ಯ ವಿಷಯ ಕಲಿಯೋಣ. ಮಗ್ಗದ ಮೇಲೆ ಕುಳಿತವರೊಬ್ಬರೇ ನೇಕಾರರಲ್ಲ. ಕುಳಿತುಕೊಳ್ಳುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ. ಆ ಅರ್ಧ ಕೆಲಸವನ್ನು ಹೆಚ್ಚಾಗಿ ಮಾಡುವವರು ಹೆಂಗಸರು, ಅದಕ್ಕೆ ಕೂಲಿ ಬರೆಯುವವರು ಮಾತ್ರ ಇಲ್ಲ.

ಯಾವ ಮಗ್ಗ ನಮಗೆ ಸರಿ?

ಕೈಮಗ್ಗದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಗುಂಡಿಮಗ್ಗ. ನೇಯುವವರು ನೆಲದ ಮಟ್ಟದಲ್ಲಿ ಕುಳಿತು ಗುಂಡಿಯೊಳಗೆ ಕಾಲು ಬಿಟ್ಟು ತುಳಿಯುತ್ತಾರೆ. ಇಳಕಲ್ ಸೀರೆಯನ್ನು ನೇಯುತ್ತಾ ಬಂದದ್ದು ಇಂಥ ಮಗ್ಗದಲ್ಲೇ. ಇನ್ನೊಂದು ಚೌಕಟ್ಟು ಮಗ್ಗ. ಮರದ ಗಟ್ಟಿ ಚೌಕಟ್ಟು ನೆಲದ ಮೇಲೆ ನಿಂತಿರುತ್ತದೆ. ನಾವು ಹಲಗೆಯ ಮೇಲೆ ಕುಳಿತು ಕೆಳಗಿನ ಪೆಡಲ್ ತುಳಿಯುತ್ತೇವೆ.

ಬಾಡಿಗೆ ಮನೆಯಲ್ಲಿ, ಸಂಘದ ಕೋಣೆಯಲ್ಲಿ ಗುಂಡಿ ತೋಡಲು ಆಗುವುದಿಲ್ಲ. ಹಾಗಾಗಿ ಪಟ್ಟಣದವರಿಗೆ ಚೌಕಟ್ಟು ಮಗ್ಗವೇ ಅನುಕೂಲ. ಬೇಕೆಂದರೆ ಬಿಚ್ಚಿ ಬೇರೆ ಕಡೆ ಕೂರಿಸಬಹುದು, ಕರೆಂಟು ಬೇಡ. ಆದರೆ ಜಾಗ ಬೇಕು. ಮಗ್ಗದ ಸುತ್ತ ಓಡಾಡುವಷ್ಟು ಸ್ಥಳ, ಗಾಳಿ, ಬೆಳಕು ಇರಬೇಕು. ಕತ್ತಲೆಯಲ್ಲಿ ಕಡಿದ ಎಳೆ ಕಣ್ಣಿಗೆ ಬೀಳುವುದಿಲ್ಲ.

ಹಾಸು ಮತ್ತು ಹೊಕ್ಕು

ಬಟ್ಟೆ ಅಂದರೆ ಎರಡು ಬಗೆಯ ಎಳೆಗಳ ಹೆಣಿಗೆ. ಉದ್ದಕ್ಕೆ ಬಿಗಿಯಾಗಿ ಹಾಸಿದ್ದು ಹಾಸು. ಅಡ್ಡಕ್ಕೆ ಒಳಹೊಕ್ಕು ಬರುವುದು ಹೊಕ್ಕು. ನಾವು ದಿನಾ ಆಡುವ ‘ಹಾಸುಹೊಕ್ಕು’ ಎಂಬ ಮಾತು ಬಂದದ್ದು ಮಗ್ಗದಿಂದಲೇ. ವಚನಕಾರ ಜೇಡರ ದಾಸಿಮಯ್ಯನವರೂ ನೇಕಾರರೇ. ಕನ್ನಡದ ಮಾತಿಗೂ ಮಗ್ಗಕ್ಕೂ ಅಷ್ಟು ಹಳೆಯ ನಂಟು.

ಹಾಸಿನ ಎಳೆ ಸದಾ ಎಳೆತದಲ್ಲಿರುತ್ತದೆ, ಉಜ್ಜುತ್ತದೆ. ಆದ್ದರಿಂದ ಅದು ಗಟ್ಟಿಯಾಗಿರಬೇಕು. ಒಂಟಿ ಎಳೆ ನೂಲಾದರೆ ಗಂಜಿ ಹಾಕಿ ಒಣಗಿಸಬೇಕು. ಎರಡು ಎಳೆ ಹುರಿ ಮಾಡಿದ ನೂಲು ತಾನೇ ಗಟ್ಟಿ ಇರುವುದರಿಂದ ಕಲಿಯುವವರಿಗೆ ಅದು ಒಳ್ಳೆಯದು.

ಮಗ್ಗದ ಭಾಗಗಳು

ಮಗ್ಗದ ಹಿಂದಿನಿಂದ ಮುಂದಕ್ಕೆ ಬರೋಣ. ಎಳೆ ಸಾಗುವ ದಾರಿಯೂ ಅದೇ. ಊರಿಂದ ಊರಿಗೆ ಹೆಸರು ಬೇರೆ ಇರಬಹುದು, ಕೆಲಸ ಒಂದೇ.

1. ಹಿಂದಿನ ಬೀಮು: ಮಗ್ಗದ ಹಿಂಭಾಗದ ದಪ್ಪ ಉರುಳೆ. ಹಾಸಿನ ಎಳೆಗಳೆಲ್ಲಾ ಇದಕ್ಕೆ ಸುತ್ತಿರುತ್ತವೆ. ನೇಯ್ದಂತೆಲ್ಲಾ ಸ್ವಲ್ಪ ಸ್ವಲ್ಪ ಬಿಚ್ಚಿಕೊಳ್ಳುತ್ತದೆ.

2. ಅಡ್ಡಕಡ್ಡಿಗಳು: ಹಾಸಿನ ನಡುವೆ ಎರಡು ನಯವಾದ ಕಡ್ಡಿಗಳು. ಒಂದು ಎಳೆ ಕಡ್ಡಿಯ ಮೇಲೆ, ಪಕ್ಕದ್ದು ಕೆಳಗೆ. ಎರಡನೇ ಕಡ್ಡಿಯಲ್ಲಿ ಅದೇ ತಿರುಗುಮುರುಗು. ಎಳೆಗಳು ಸಿಕ್ಕಾಗದೆ ಸಾಲಾಗಿ ಇರುವುದು ಇದರಿಂದ. ಕಡಿದ ಎಳೆ ಯಾವ ಜಾಗದ್ದು ಅಂತ ಹೇಳುವುದೂ ಇದೇ.

3. ಹೀಲ್ಡ್: ನೂಲಿನ ಅಥವಾ ತಂತಿಯ ಕುಣಿಕೆಗಳ ಚೌಕಟ್ಟು. ಪ್ರತಿ ಕುಣಿಕೆಯ ನಡುವೆ ಒಂದು ಕಣ್ಣು, ಕಣ್ಣಿನೊಳಗೆ ಒಂದು ಎಳೆ. ಸಾದಾ ನೇಯ್ಗೆಗೆ ಎರಡು ಹೀಲ್ಡ್ ಸಾಕು. ಒಂದರಲ್ಲಿ 1, 3, 5ನೇ ಎಳೆಗಳು, ಇನ್ನೊಂದರಲ್ಲಿ 2, 4, 6ನೇ ಎಳೆಗಳು.

4. ಪೆಡಲ್: ಕಾಲಿನಿಂದ ತುಳಿಯುವ ಹಲಗೆ. ಒಂದನ್ನು ತುಳಿದರೆ ಒಂದು ಹೀಲ್ಡ್ ಕೆಳಗೆ, ಇನ್ನೊಂದು ಮೇಲೆ. ಆಗ ಹಾಸು ಬಾಯಿ ಬಿಡುತ್ತದೆ.

5. ಫಣಿ: ಬಾಚಣಿಗೆಯ ಹಾಗೆ ಸಣ್ಣ ಸಣ್ಣ ಸಂದುಗಳಿರುವ ಪಟ್ಟಿ. ಇದಕ್ಕೆ ರೀಡ್ ಅಂತಲೂ ಹೇಳುತ್ತಾರೆ. ಎಳೆಗಳನ್ನು ಸಮ ಅಂತರದಲ್ಲಿ ಇಡುತ್ತದೆ, ಹೊಕ್ಕನ್ನು ಬಡಿದು ಕೂರಿಸುತ್ತದೆ. ಫಣಿಯನ್ನು ಹಿಡಿದಿರುವ, ಹಿಂದೆ ಮುಂದೆ ತೂಗುವ ಚೌಕಟ್ಟಿಗೆ ಸ್ಲೇ ಎನ್ನುತ್ತಾರೆ.

6. ಲಾಳಿ ಮತ್ತು ಕಂಡಿಕೆ: ದೋಣಿಯ ಆಕಾರದ ಲಾಳಿಯೊಳಗೆ ಹೊಕ್ಕಿನ ನೂಲು ಸುತ್ತಿದ ಕಂಡಿಕೆ ಇರುತ್ತದೆ. ಸ್ಲೇಯ ಎರಡೂ ತುದಿಯಲ್ಲಿ ಲಾಳಿ ನಿಲ್ಲುವ ಪೆಟ್ಟಿಗೆಗಳಿವೆ. ನಡುವಿನ ಹಿಡಿಯನ್ನು ಜಗ್ಗಿದರೆ ಲಾಳಿ ಈ ಕಡೆಯಿಂದ ಆ ಕಡೆಗೆ ಓಡುತ್ತದೆ. ಈ ಓಡುವ ಲಾಳಿಯನ್ನು 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಕಂಡುಹಿಡಿದರು. ಅದಕ್ಕೂ ಮೊದಲು ಲಾಳಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಬೇಕಾಗಿತ್ತು. ಬಟ್ಟೆ ಅಗಲವಾದರೆ ಇಬ್ಬರು ಕೂರಬೇಕಾಗಿತ್ತು.

7. ಮುಂದಿನ ಬೀಮು: ನೇಯ್ದ ಬಟ್ಟೆ ಸುತ್ತಿಕೊಳ್ಳುವ ಉರುಳೆ. ಅದರ ತುದಿಯ ಹಲ್ಲುಚಕ್ರ ಬಟ್ಟೆ ಹಿಂದಕ್ಕೆ ಸರಿಯದಂತೆ ತಡೆಯುತ್ತದೆ.

ಮಗ್ಗ ನಡೆಯುವುದು ಹೇಗೆ?

ಮೂರೇ ಮಾತು: ತೆರೆ, ಎಸೆ, ಬಡಿ. ಪೆಡಲ್ ತುಳಿದು ಹಾಸಿನ ಬಾಯಿ ತೆರೆಯಬೇಕು. ಹಿಡಿ ಜಗ್ಗಿ ಲಾಳಿ ಎಸೆಯಬೇಕು. ಸ್ಲೇ ಎಳೆದು ಫಣಿಯಿಂದ ಬಡಿಯಬೇಕು. ಮತ್ತೆ ಇನ್ನೊಂದು ಪೆಡಲ್. ಎಷ್ಟು ದೊಡ್ಡ ಕಾರ್ಖಾನೆಯ ಮಗ್ಗವಾದರೂ ಮಾಡುವುದು ಇದನ್ನೇ. ಕೆಲವು ಇಂಚು ನೇಯ್ದ ಮೇಲೆ ಹಿಂದಿನ ಬೀಮಿನಿಂದ ಹಾಸು ಬಿಡಬೇಕು, ಮುಂದಿನ ಬೀಮಿಗೆ ಬಟ್ಟೆ ಸುತ್ತಬೇಕು. ಬಿಡುವುದು, ಸುತ್ತುವುದು ಸಮ ಇಲ್ಲದಿದ್ದರೆ ಎಳೆತ ಹೆಚ್ಚು ಕಡಿಮೆಯಾಗಿ ಬಟ್ಟೆ ಒಂದು ಕಡೆ ದಟ್ಟ, ಒಂದು ಕಡೆ ತೆಳು ಆಗುತ್ತದೆ.

ನೂಲಿನ ಲೆಕ್ಕ

10 ಟವೆಲ್ ನೇಯಬೇಕು ಅಂತಿಟ್ಟುಕೊಳ್ಳಿ. ಒಂದೊಂದು ಒಂದೂವರೆ ಮೀಟರ್, ಫಣಿಯಲ್ಲಿ ಅಗಲ 24 ಇಂಚು.

ಫಣಿಯ ನಂಬರನ್ನು 2 ಇಂಚಿಗೆ ಎಷ್ಟು ಸಂದು ಎಂಬುದರಿಂದ ಹೇಳುವ ರೂಢಿ ಇದೆ. 40ನೇ ನಂಬರ್ ಫಣಿ ಅಂದರೆ 2 ಇಂಚಿಗೆ 40 ಸಂದು, ಇಂಚಿಗೆ 20. ಸಂದಿಗೆ ಎರಡು ಎಳೆ ಹಾಕಿದರೆ ಇಂಚಿಗೆ 40 ಎಳೆ. 24 ಇಂಚಿಗೆ 960 ಎಳೆ.

ಈಗ ಉದ್ದ. ಹತ್ತು ಟವೆಲ್‌ಗೆ 15 ಮೀಟರ್. ನೇಯುವಾಗ ಎಳೆ ಮೇಲೆ ಕೆಳಗೆ ಬಳುಕುವುದರಿಂದ ಉದ್ದ ಕುಗ್ಗುತ್ತದೆ, ಅದಕ್ಕೆ ಒಂದೂವರೆ ಮೀಟರ್ ಇಡಿ. ಮಗ್ಗದಲ್ಲಿ ಕೊನೆಗೆ ನೇಯಲಾಗದೆ ಉಳಿಯುವ ತುದಿಗೆ 1 ಮೀಟರ್. ಒಟ್ಟು ಹದಿನೇಳೂವರೆ ಮೀಟರ್. 960 ಎಳೆಗೆ 16,800 ಮೀಟರ್ ನೂಲು.

20ನೇ ನಂಬರ್ ನೂಲು ಅಂದರೆ ಒಂದು ಪೌಂಡಿಗೆ 840 ಗಜದ 20 ಲಡಿಗಳು. ಎರಡು ಎಳೆ ಹುರಿ ಮಾಡಿದ್ದಾದರೆ ಉದ್ದ ಅರ್ಧಕ್ಕೆ ಇಳಿಯುತ್ತದೆ. ಆ ನೂಲು ಕಿಲೋಗೆ ಸುಮಾರು 17,000 ಮೀಟರ್ ಬರುತ್ತದೆ. ಹಾಗಾದರೆ ನಮ್ಮ ಹಾಸಿಗೆ ಹತ್ತಿರ ಹತ್ತಿರ 1 ಕಿಲೋ ನೂಲು ಬೇಕು. ಹೊಕ್ಕಿಗೂ ಅದೇ ನೂಲಾಗಿ, ಇಂಚಿಗೆ 36 ಸಲ ಲಾಳಿ ಹೋದರೆ, ಮುಕ್ಕಾಲು ಕಿಲೋಗಿಂತ ಸ್ವಲ್ಪ ಹೆಚ್ಚು. ಕಡಿದು ಹಾಳಾಗುವುದಕ್ಕೆ ಅಂತ ಒಂದಿಷ್ಟು ಸೇರಿಸಿ ಕೊಳ್ಳಿ. ಈ ಲೆಕ್ಕ ಬಂದರೆ ಅಂಗಡಿಯಲ್ಲಿ ಯಾರೂ ನಮಗೆ ಹೆಚ್ಚಿಗೆ ಕಟ್ಟಿ ಕಳಿಸಲು ಆಗುವುದಿಲ್ಲ.

ಕಾಣದ ಕೆಲಸಕ್ಕೆ ಕೂಲಿ ಎಷ್ಟು?

ಲಡಿ ಬಿಚ್ಚಿ ಬಾಬಿನ್‌ಗೆ ಸುತ್ತಬೇಕು. ಹಾಸು ಹೂಡಬೇಕು. ಇಬ್ಬರು ಸೇರಿ ಬೀಮಿಗೆ ಸುತ್ತಬೇಕು. 960 ಎಳೆಗಳನ್ನು ಒಂದೊಂದಾಗಿ ಹೀಲ್ಡಿನ ಕಣ್ಣಿಗೆ, ಆಮೇಲೆ ಫಣಿಯ ಸಂದಿಗೆ ಪೋಣಿಸಬೇಕು. ರಾಟೆಯಲ್ಲಿ ಕಂಡಿಕೆ ಸುತ್ತಬೇಕು. ಕೊನೆಗೆ ಕುಚ್ಚು ಕಟ್ಟಿ, ಒಗೆದು, ಮಡಚಬೇಕು. ನೇಕಾರರ ಮನೆಗಳಲ್ಲಿ ಅಜ್ಜಿ, ಸೊಸೆ, ಮಗಳು ಮನೆಗೆಲಸದ ನಡುವೆ ಮಾಡುವ ಕೆಲಸ ಇದು. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರಿದ್ದು, ಅವರಲ್ಲಿ 25 ಲಕ್ಷಕ್ಕೂ ಹೆಚ್ಚು ಮಂದಿ ಮಹಿಳೆಯರು. ಆದರೂ ‘ನೇಕಾರ’ ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಗಂಡಸು!

ಒಂದು ಉದಾಹರಣೆ ಹಾಕೋಣ. ಕಲಿಯುತ್ತಿರುವ ಒಂದು ಸಂಘ 10 ಟವೆಲ್‌ಗೆ ಹಿಡಿದ ಸಮಯವನ್ನು ಹೀಗೆ ಬರೆದುಕೊಂಡಿತು ಅಂತಿಟ್ಟುಕೊಳ್ಳಿ: ಬಾಬಿನ್ ಸುತ್ತಲು 6 ಗಂಟೆ, ಹಾಸು ಹೂಡಲು 4, ಬೀಮಿಗೆ ಸುತ್ತಲು 4, ಪೋಣಿಸಲು 12, ಕಂಡಿಕೆಗೆ 6, ಕುಚ್ಚು ಮತ್ತು ಒಗೆತಕ್ಕೆ 4. ಒಟ್ಟು 36 ಗಂಟೆ. ನೇಯಲು 30 ಗಂಟೆ. ಎರಡೂ ಸೇರಿ 66.

ಮಾರಿದ ಹಣದಲ್ಲಿ ನೂಲು, ಬಣ್ಣದ ಖರ್ಚು ಕಳೆದು 1,650 ರೂಪಾಯಿ ಉಳಿಯಿತು ಎನ್ನೋಣ. ನೇಯ್ದ 30 ಗಂಟೆಗೆ ಮಾತ್ರ ಭಾಗಿಸಿದರೆ ಗಂಟೆಗೆ 55 ರೂಪಾಯಿ. ಪರವಾಗಿಲ್ಲ ಅನ್ನಿಸುತ್ತೆ. 66 ಗಂಟೆಗೆ ಭಾಗಿಸಿದರೆ ಗಂಟೆಗೆ 25 ರೂಪಾಯಿ. ಈ ಎರಡನೆಯದೇ ನಿಜವಾದ ಲೆಕ್ಕ. ಮೊದಲನೆಯ ಲೆಕ್ಕ ನಂಬಿ ಬೆಲೆ ಕಟ್ಟಿದರೆ ಕಂಡಿಕೆ ಸುತ್ತಿದ ಅಕ್ಕನ ಕೈಗೆ ಏನೂ ಬರುವುದಿಲ್ಲ. ನಾಲ್ಕು ತಿಂಗಳಲ್ಲಿ ಅವರು ಸಂಘ ಬಿಡುತ್ತಾರೆ, ಮಗ್ಗ ಮೂಲೆ ಸೇರುತ್ತದೆ, ಸಾಲದ ಕಂತು ಮಾತ್ರ ಉಳಿಯುತ್ತದೆ.

ಹಾಗಾದರೆ ದಾರಿ ಏನು? ಉದ್ದ ಹಾಸು ಹೂಡುವುದು ಒಂದು ದಾರಿ. ಪೋಣಿಸಲು ಹಿಡಿಯುವ 12 ಗಂಟೆ, ಹತ್ತು ಟವೆಲ್ ಇದ್ದರೂ ಅಷ್ಟೇ, ಮೂವತ್ತು ಇದ್ದರೂ ಅಷ್ಟೇ. ಹತ್ತಾದರೆ ಒಂದು ಟವೆಲ್ ಮೇಲೆ 72 ನಿಮಿಷ ಬೀಳುತ್ತದೆ, ಮೂವತ್ತಾದರೆ 24 ನಿಮಿಷ. ಎರಡನೆಯ ದಾರಿ, ಹಾಸು ಮುಗಿದಾಗ ಹಳೆ ಎಳೆಗಳನ್ನು ಹೀಲ್ಡಿನಿಂದ ಕಿತ್ತು ಹಾಕದೆ, ಹೊಸ ಹಾಸಿನ ಎಳೆಗಳನ್ನು ಅವುಗಳ ತುದಿಗೆ ಗಂಟು ಹಾಕುವುದು. ಆಗ ಮತ್ತೆ ಪೋಣಿಸುವ ಕೆಲಸ ತಪ್ಪುತ್ತದೆ. ಮೂರನೆಯದು, ಎಲ್ಲರೂ ಎಲ್ಲಾ ಕೆಲಸ ಕಲಿತು ಸರದಿಯ ಮೇಲೆ ಮಾಡುವುದು. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ 1996ರಲ್ಲಿ ಶುರುವಾದ ‘ಚರಕ’ ಮಹಿಳಾ ಸಹಕಾರ ಸಂಘದಲ್ಲಿ ಬಣ್ಣ ಹಾಕುವುದು, ನೇಯುವುದು, ಹೊಲಿಯುವುದು ಎಲ್ಲವೂ ಸಂಘದ ಕೆಲಸವಾಗಿಯೇ ಬೆಳೆದವು.

ತೊಂದರೆ ಬಂದರೆ ಎಲ್ಲಿ ನೋಡಬೇಕು?

- ಎಳೆ ಪದೇ ಪದೇ ಕಡಿಯುತ್ತದೆಯೇ? ಎಳೆತ ಹೆಚ್ಚಾಗಿರಬಹುದು, ಗಂಜಿ ಸಾಲದಿರಬಹುದು, ಫಣಿಗೆ ತುಕ್ಕು ಹಿಡಿದಿರಬಹುದು.
- ಲಾಳಿ ಹೊರಗೆ ಹಾರುತ್ತದೆಯೇ? ಹಾಸಿನ ಬಾಯಿ ಪೂರ್ತಿ ತೆರೆದಿಲ್ಲ, ಇಲ್ಲವೇ ಸಡಿಲ ಎಳೆಯೊಂದು ಜೋತು ಬಿದ್ದಿದೆ. ಲಾಳಿಯ ಚೂಪು ತುದಿ ತಾಗಿ ಪೆಟ್ಟಾಗುತ್ತದೆ, ಮಕ್ಕಳನ್ನು ಪಕ್ಕ ನಿಲ್ಲಿಸಬೇಡಿ.
- ಬಟ್ಟೆಯ ಅಂಚು ಒಳಕ್ಕೆ ಸರಿಯುತ್ತದೆಯೇ? ಹೊಕ್ಕಿನ ಎಳೆತ ಜಾಸ್ತಿ. ಅಗಲ ಹಿಡಿದಿಡುವ ಕಡ್ಡಿ ಸಿಕ್ಕಿಸಿ.
- ಉದ್ದಕ್ಕೆ ಗೆರೆ ಬಿದ್ದಿದೆಯೇ? ಫಣಿಯಲ್ಲಿ ಒಂದು ಸಂದು ಖಾಲಿ ಬಿಟ್ಟಿದೆ, ಅಥವಾ ಒಂದರಲ್ಲೇ ಹೆಚ್ಚು ಎಳೆ ಸೇರಿದೆ.
- ಅಡ್ಡಕ್ಕೆ ಪಟ್ಟೆ ಕಾಣುತ್ತದೆಯೇ? ಬಡಿತ ಒಂದೇ ಸಮ ಇಲ್ಲ.

ಹಳೆ ಮಗ್ಗ ಕೊಳ್ಳುವ ಮುಂಚೆ

ಒಂದು ದಾರ ತೆಗೆದುಕೊಂಡು ಹೋಗಿ. ಚೌಕಟ್ಟಿನ ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡು ಅಳತೆ ಸಮ ಇಲ್ಲದಿದ್ದರೆ ಮಗ್ಗ ಸೊಟ್ಟ ಇದೆ, ಬಟ್ಟೆಯೂ ಸೊಟ್ಟ ಬರುತ್ತದೆ. ಮರದಲ್ಲಿ ಹುಳು ತಿಂದ ಪುಡಿ ಇದೆಯೇ ನೋಡಿ. ಬೀಮುಗಳನ್ನು ತಿರುಗಿಸಿ ನೋಡಿ, ನೇರವಾಗಿ ತಿರುಗಬೇಕು. ಹಲ್ಲುಚಕ್ರದ ಹಲ್ಲು ಸವೆದಿರಬಾರದು. ಲಾಳಿಯ ಮೈ ಮೇಲೆ ಕೈ ಆಡಿಸಿ, ಸಿಬಿರು ಇರಬಾರದು. ಬಣ್ಣ ಬಳಿದು ಹೊಸದರಂತೆ ಕಾಣುವ ಮಗ್ಗಕ್ಕಿಂತ, ನಿಮ್ಮ ಕಣ್ಣೆದುರು ಒಂದು ಗೇಣು ಬಟ್ಟೆ ನೇಯ್ದು ತೋರಿಸುವ ಮಗ್ಗ ಮೇಲು.

ಮಗ್ಗ ಕೊಳ್ಳುವ ಮೊದಲು ಕಲಿಯಿರಿ. ಕೇಂದ್ರ ಸರ್ಕಾರದ ನೇಕಾರರ ಸೇವಾ ಕೇಂದ್ರ ಬೆಂಗಳೂರಿನಲ್ಲಿದೆ. ತರಬೇತಿ ಯಾವಾಗ ಇದೆ ಎಂದು ಇಬ್ಬರು ಸದಸ್ಯರು ಹೋಗಿ ವಿಚಾರಿಸಿ ಬರಬಹುದು. ಕೈಮಗ್ಗದ ಬಟ್ಟೆಗೆ 2006ರಿಂದ ‘ಹ್ಯಾಂಡ್‌ಲೂಮ್ ಮಾರ್ಕ್’ ಎಂಬ ಗುರುತು ಇದೆ. ಕೊಳ್ಳುವವರಿಗೆ ಇದು ಕೈಯಿಂದ ನೇಯ್ದದ್ದೇ ಎಂದು ತೋರಿಸಲು ಅದು ಸಹಾಯಕ.

ಸಂಘದ ಸಭೆಯಲ್ಲಿ ಚರ್ಚಿಸಿ

1. ಮಗ್ಗದ ಚಿತ್ರ ಬರೆದು ಏಳು ಭಾಗಗಳನ್ನು ಗುರುತಿಸಿ. ಒಂದೊಂದರ ಕೆಲಸವನ್ನು ಒಬ್ಬೊಬ್ಬರು ಹೇಳಿ.
2. 36 ಇಂಚು ಅಗಲಕ್ಕೆ ಇದೇ ಫಣಿಯಲ್ಲಿ ಎಷ್ಟು ಎಳೆ ಬೇಕು? (ಉತ್ತರ: 1,440)
3. ನಮ್ಮ ಸಂಘದ ಈಗಿನ ಕೆಲಸದಲ್ಲಿ, ಅದು ಉಪ್ಪಿನಕಾಯಿ ಆಗಲಿ ಹೊಲಿಗೆ ಆಗಲಿ, ಲೆಕ್ಕಕ್ಕೆ ಬಾರದ ಗಂಟೆಗಳು ಯಾರವು? ಒಂದು ವಾರ ಪುಸ್ತಕದಲ್ಲಿ ಬರೆದಿಟ್ಟು ಮುಂದಿನ ಸಭೆಗೆ ತನ್ನಿ.